ನಾಲ್ಕನೆಯ ಗೆರೆ

ಭಾರ ಎತ್ತುವ ಕಬ್ಬಿಣದ ಹುಕ್ಕಿನ ಕುತ್ತಿಗೆಗೆ ಸಾವ್ಕಾರ ಶಿವಶರಣಪ್ಪ ಕೈಯಾರೆ ಎಳೆದ ವಿಭೂತಿಯ ಗೆರೆಗಳು ಮೂರು. ಪಕೀರಮ್ಮ ನೋಡಿದಾಗ ನಾಲ್ಕಿದ್ದವು.

ನಾಲ್ಕನೆಯದು ಕಪ್ಪಾಗಿತ್ತು. ಕೂದಲೆಳೆಯಷ್ಟು ಸಣ್ಣದು. ಮೂರು ಬಿಳಿ ಗೆರೆಗಳನ್ನು ಓರೆಯಾಗಿ ಸೀಳಿಕೊಂಡು ಹುಕ್ಕಿನ ಹಿಂಬದಿಗೆ ಹೋಗಿತ್ತು. ಒಡೆದ ಕುಂಬಳಕಾಯಿಯ ಹೋಳುಗಳನ್ನು ಬುಟ್ಟಿಗೆ ತುಂಬುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು.

ಅವತ್ತು ಆಯುಧ ಪೂಜೆ. ಪೂಜೆ ಮುಗಿಯುವವರೆಗೆ ಕೇರಿಯವರು ಶಟರಿನ ಹೊರಗೆ ನಿಂತಿರಬೇಕು. ಮುಗಿದ ಮೇಲೆ ಕುಂಬಳಕಾಯಿ ಬಳಿಯಲು ಒಳಗೆ ಬರಬೇಕು. ಪೂಜೆಗೆ ಹೊರಗೆ, ಕಸಕ್ಕೆ ಒಳಗೆ. ಹನ್ನೊಂದು ವರ್ಷದಿಂದ ಪಕೀರಮ್ಮ ಹೀಗೆಯೇ ಹೊರಗೆ ನಿಂತು ಒಳಗೆ ಬಂದವಳು.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ ಎಡಕ್ಕೆ ಸಿಗುತ್ತದೆ ಆ ಗ್ಯಾರೇಜು. ಟ್ರ್ಯಾಕ್ಟರು, ಟ್ರೇಲರು, ಭತ್ತ ಕೊಯ್ಯುವ ಮಶಿನ್ನು, ಎಲ್ಲದರ ರಿಪೇರಿ ಅಲ್ಲಿ. ಪಕೀರಮ್ಮ ತೊಳೆಯುವಾಕೆ. ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿ ಹಾಕಿದ ಗೇರು, ಬೇರಿಂಗು, ಎಂಜಿನ್ನಿನ ಹೆಡ್ಡುಗಳನ್ನು ಡೀಸೆಲ್ಲಿನಲ್ಲಿ ತಿಕ್ಕಿ ತೊಳೆಯಬೇಕು. ಬೆರಳ ಸಂದುಗಳು ಸದಾ ಬಿರಿದು ರಕ್ತ ಜಿನುಗುತ್ತಿದ್ದವು. ಉಣ್ಣುವ ರೊಟ್ಟಿಗೂ ಡೀಸೆಲ್ ವಾಸನೆ.

ಕಬ್ಬಿಣದ ಕಳ್ಳ ಸೀಳನ್ನು ಹೊರಗೆಳೆಯುವ ಉಪಾಯವನ್ನು ಆಕೆಗೆ ಕಲಿಸಿದವನು ಮುದುಕ ಹೊನ್ನೂರಪ್ಪ ಮೇಸ್ತ್ರಿ. "ಡೀಸೆಲ್ಲಿನ್ಯಾಗ ನೆನಿ ಹಾಕು. ಒಣಾ ಅರಿವಿಲೆ ವರಸು. ಮ್ಯಾಲ ಸುಣ್ಣ ಹಚ್ಚಿ ಬಿಡು. ಸೀಳಿತ್ತಂದ್ರ ಒಳಗಿನ ಎಣ್ಣಿ ಹೊರಗ ಬಂದು ತಾನ ಗೆರಿ ಬರಿತೈತಿ. ಕಬ್ಬಿಣ ಸುಳ್ಳು ಹೇಳಂಗಿಲ್ಲವ್ವಾ. ಮಾರಾವ ಹೇಳ್ತಾನ" ಎಂದಿದ್ದ. ಅಂದಿನಿಂದ ಯಾವ ಹೆಡ್ಡು ಬಂದರೂ ಮೊದಲು ಆಕೆಯ ತೊಟ್ಟಿಗೆ ಬರುತ್ತಿತ್ತು. ಆಕೆ ತೋರಿಸಿದ ಸೀಳು ಒಂದೂ ಸುಳ್ಳಾಗಿರಲಿಲ್ಲ. ರೈತರ ಎಂಜಿನ್ ಉಳಿಸಿದ ಹೆಸರು ಮಾತ್ರ ಸಾವ್ಕಾರನಿಗೆ.

ವಿಭೂತಿಗೂ ಸುಣ್ಣಕ್ಕೂ ದೇವರ ಕಣ್ಣಲ್ಲಿ ಭೇದವಿರಬಹುದು. ಡೀಸೆಲ್ಲಿಗೆ ಇಲ್ಲ.

ಹುಕ್ಕು ಹೊಸ ಚೈನ್ ಪುಲ್ಲಿಯದು. ಹೊಸದೆಂದರೆ ಗ್ಯಾರೇಜಿಗೆ ಹೊಸದು. ಸಾವ್ಕಾರನ ಮಗ ಅನಿಲಕುಮಾರ ಅದನ್ನು ನಾಲ್ಕು ದಿನದ ಕೆಳಗೆ ಲಿಂಗಸುಗೂರಿನ ಒಂದು ಗುಜರಿ ಅಂಗಡಿಯಿಂದ ಅಗ್ಗಕ್ಕೆ ಎತ್ತಿಕೊಂಡು ಬಂದಿದ್ದ. ಮೈತುಂಬ ಹಳದಿ ಬಣ್ಣ, ಅದರ ಮೇಲೆ ಕೆಂಪಗೆ "5 ಟನ್". ಪೂಜೆಯ ಹಿಂದಿನ ದಿನ ಗ್ಯಾರೇಜಿನ ಎಲ್ಲ ಸಾಮಾನಿನ ಜೊತೆ ಅದೂ ಪಕೀರಮ್ಮನ ತೊಟ್ಟಿಗೆ ಬಿತ್ತು. ಡೀಸೆಲ್ ತಾಗಿದ್ದೇ ತಡ, ಹಳದಿ ಬಣ್ಣ ಮದುಮಗನ ಅರಿಸಿನದಂತೆ ಇಳಿದುಹೋಯಿತು. ಹುಕ್ಕಿನ ಕುತ್ತಿಗೆಯಲ್ಲಿ ವೆಲ್ಡಿಂಗಿನ ಗಂಟು ಎದ್ದು ಕಂಡಿತು. ಭಾರ ಎತ್ತುವ ಹುಕ್ಕಿಗೆ ವೆಲ್ಡಿಂಗ್ ಹಚ್ಚಬಾರದು ಎಂಬುದು ಗ್ಯಾರೇಜಿನ ನಾಯಿಗೂ ಗೊತ್ತು.

"ಸಣ್ಣಸಾವ್ಕಾರ್ರ, ಹುಕ್ಕಿಗೆ ವೆಲ್ಡಿಂಗ್ ಹಚ್ಯಾರ್ರೀ" ಎಂದು ಅವತ್ತೇ ಹೇಳಿದ್ದಳು.

ಅನಿಲಕುಮಾರ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಅದು ಡಿಸೈನ್ ಬೇ. ತೊಳಿಯೋದು ನಿನ್ ಕೆಲಸ. ತೊಳಿ."

ತೊಳೆದಳು. ಬೇರೆ ವರ್ಷ ಬರೀ ತೊಳೆದು ಕೊಡುತ್ತಿದ್ದವಳು, ಈ ಸಲ ಎಲ್ಲವನ್ನೂ ರಾತ್ರಿಯಿಡೀ ಡೀಸೆಲ್ಲಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿ ಕೊಟ್ಟಳು. ಜಾಕುಗಳು, ಪಾನಾಗಳು, ಚೈನ್ ಪುಲ್ಲಿ. ಸಾವ್ಕಾರ ಅವಕ್ಕೆಲ್ಲ ವಿಭೂತಿ ಬಳಿದ. ತಾನು ಏನು ಮಾಡುತ್ತಿದ್ದೇನೆಂದು ಆ ಮಹಾರಾಯನಿಗೆ ತಿಳಿಯಲಿಲ್ಲ.

ಆ ಗ್ಯಾರೇಜಿನಲ್ಲಿ ಮೇಲೆ ನಿಂತು ಪಾನಾ ತಿರುಗಿಸುವವರು ಬೇರೆ. ಕೆಳಗೆ ಮಲಗಿ ಬಿಚ್ಚುವವರು ಬೇರೆ. ಕೆಳಗೆ ಮಲಗುವವರೆಲ್ಲ ಒಂದೇ ಕೇರಿಯವರು. "ಕೆಳಗಿನವರ್ನ ಕರೀರಲೇ" ಎಂದು ಸಾವ್ಕಾರ ಕೂಗಿದರೆ ಅದು ಕೆಲಸದ ಹೆಸರೋ ಜಾತಿಯ ಹೆಸರೋ ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಹೊಸ ಜಾಕು ಬಂದರೆ ಅದರ ಪರೀಕ್ಷೆಯೂ ಅವರದೇ. ಗಾಡಿ ಎತ್ತುವುದು, ಒಬ್ಬನನ್ನು ಅಡಿಗೆ ಕಳಿಸುವುದು. ಅವನು ಜೀವಂತ ಎದ್ದು ಬಂದರೆ ಜಾಕು ಚಲೋ ಇದೆ ಎಂದರ್ಥ.

ಪಕೀರಮ್ಮನ ತಮ್ಮ ಅಂಬಪ್ಪ ಎದ್ದು ಬರಲಿಲ್ಲ. ಎರಡು ವರ್ಷದ ಹಿಂದೆ ಸಾಲಗುಂದದಿಂದ ಬಂದ ಟ್ರೇಲರಿನ ಕೆಳಗೆ ಹೋಗಿದ್ದ. ಜಾಕು ಕುಸಿಯಿತು. ಎದೆಗೂಡು ಒಡೆದು, ಬಾಯಿಂದ ಬಂದದ್ದು ಕಿವಿಯವರೆಗೆ ಹರಿದಿತ್ತು. ಪೊಲೀಸರು ಬರುವ ಹೊತ್ತಿಗೆ ಹೆಣ ಸಾರಾಯಿ ನಾರುತ್ತಿತ್ತು. ಕುಡಿದು ಮಲಗಿದ್ದ, ತಾನೇ ಜಾಕಿಗೆ ಒದ್ದ ಎಂದು ಸಾವ್ಕಾರ ಬರೆಸಿದ. ಅಂಬಪ್ಪ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಹೆಣಕ್ಕೆ ನೀರು ಹಾಕುವಾಗ ಪಕೀರಮ್ಮ ನೋಡಿದಳು. ಅಂಗಿಯ ಕಾಲರು ಸಾರಾಯಿಯಲ್ಲಿ ಪೂರಾ ತೋಯ್ದಿತ್ತು. ಕುಡಿಯುವವನು ಕಾಲರಿಗೆ ಕುಡಿಸುತ್ತಾನೆಯೇ?

ಮೂರನೆಯ ದಿನ ಆಕೆ ಕೆಲಸಕ್ಕೆ ಬಂದಾಗ ಅದೇ ಜಾಕು ತೊಟ್ಟಿಯ ಪಕ್ಕ ಕಾಯುತ್ತಿತ್ತು. "ತೊಳಿ" ಎಂದಿದ್ದ ಅನಿಲಕುಮಾರ. ಒಡಹುಟ್ಟಿದವನ ರಕ್ತವನ್ನು ಬ್ರಶ್ಶಿನಿಂದ ತಿಕ್ಕಿ ತೆಗೆದಳು. ಅವತ್ತು ಅದಕ್ಕೆ ಸುಣ್ಣ ಹಚ್ಚಿ ನೋಡಲು ಕೈ ಬರಲಿಲ್ಲ. ಮರುದಿನ ಜಾಕಿಗೆ ಕೆಂಪು ಬಣ್ಣ ಬಳಿದರು. ಯಾಕೆ ಹಚ್ಚಿ ನೋಡಲಿಲ್ಲ ಎಂಬುದೊಂದು ಮಾತು ಎರಡು ವರ್ಷದಿಂದ ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಈಗ ಹುಕ್ಕಿಗೆ ಮುಕ್ಕುಂದದ ರೈತನ ಭತ್ತ ಕೊಯ್ಯುವ ಮಶಿನ್ನಿನ ಮೂತಿಯನ್ನು ಕಟ್ಟುತ್ತಿದ್ದರು. ಪೂಜೆಯಾದ ಮೇಲಿನ ಮೊದಲ ಕೆಲಸ. ಮುಂದಿನ ಭಾಗ ಎತ್ತಿ, ಅಡಿಯಿಂದ ಗೇರ್‌ಬಾಕ್ಸ್ ಬಿಚ್ಚಬೇಕು. ಅಡಿಗೆ ಹೋಗುವವನು ದುರುಗೇಶ. ಪಕೀರಮ್ಮನ ಗಂಡ.

"ಸಾವ್ಕಾರ್ರ, ಗೆರಿ ಬಂದೈತ್ರೀ" ಎಂದಳು. "ಹುಕ್ಕು ಸೀಳೈತಿ. ಭಾರ ಹಾಕಬ್ಯಾಡ್ರಿ."

ಶಿವಶರಣಪ್ಪ ತಿರುಗಿ ನೋಡಿದ. ಅವನ ಹೆಂಡತಿ ಶೇಖರಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಹುಕ್ಕಿನ ಹತ್ತಿರ ಬಂದಳು. ಕಪ್ಪು ಗೆರೆ ಅವಳಿಗೂ ಕಂಡಿತು. ಕಂಡದ್ದು ಒಂದೇ, ಓದಿದ್ದು ಬೇರೆ.

"ಅಯ್ಯ ಶಿವನ! ವಿಭೂತಿ ಕರ್ರಗಾಗೈತಲ್ರೀ! ಇಕಿ ಮುಟ್ಟಿ ತೊಳದದ್ದಕ್ಕ ಆಗೈತಿ. ಪೂಜಿ ಸಾಮಾನ ಇಕಿ ಕೈಯಾಗ ಯಾಕ ಕೊಟ್ರಿ?"

"ಅಮ್ಮಾರ, ಅದು ಮುಟ್ಟಿದ್ದಕ್ಕಲ್ರೀ. ಒಳಗಿನ ಡೀಸೆಲ್ಲು ಹೊರಗ ಬಂದೈತಿ. ಹೊನ್ನೂರಪ್ಪಣ್ಣಗ ಕೇಳ್ರಿ."

ಮೂಲೆಯ ಸ್ಟೂಲಿನ ಮೇಲಿದ್ದ ಹೊನ್ನೂರಪ್ಪ ಎದ್ದು ಬಾಯಿ ತೆರೆದ. "ನೀ ಕುಂದ್ರಲೇ ಮುದುಕಾ" ಎಂದ ಅನಿಲಕುಮಾರ. ಮುದುಕ ಕೂತ.

ಗೋಮೂತ್ರ ಚಿಮುಕಿಸಿದರು. ಹುಕ್ಕನ್ನು ಒರೆಸಿದರು. ಶಿವಶರಣಪ್ಪ ಮತ್ತೆ ಮೂರು ಗೆರೆ ಎಳೆದ. ಈ ಸಲ ದಪ್ಪಗೆ. ಬರೆದ ಸತ್ಯ ಅಳಿಸಿ ಅದರ ಮೇಲೆ ಭಕ್ತಿ ಬಳಿದರು.

"ಎಷ್ಟ ಸಲ ವರಸಿದ್ರೂ ಅದು ಬರ್ತೈತ್ರೀ" ಎಂದಳು ಪಕೀರಮ್ಮ.

ಅನಿಲಕುಮಾರನ ಏಟು ಕಪಾಳಕ್ಕೆ ಬಿತ್ತು. ಬುಟ್ಟಿ ಹಾರಿತು. ಕುಂಬಳಕಾಯಿಯ ಹೋಳುಗಳು ಕುಂಕುಮದ ಸಮೇತ ನೆಲಕ್ಕೆ ಚೆಲ್ಲಿದವು. "ಹಬ್ಬದ ದಿನ ಅಪಶಕುನ ನುಡಿತೀಯೇನಬೇ? ಹೊರಗ ಹೋಗು. ಜಗ್ರಲೇ ಚೈನು!"

ಇಬ್ಬರು ಚೈನು ಜಗ್ಗಿದರು. ಕಟಕಟ ಎನ್ನುತ್ತ ಮಶಿನ್ನಿನ ಮೂತಿ ಮೇಲೆದ್ದಿತು. ಹಿಂದೆ ಹೊನ್ನೂರಪ್ಪನ ಕಾಲದಲ್ಲಿ ಹೀಗೆ ಎತ್ತಿದ ಮೇಲೆ ಅಡಿಗೆ ಕಟ್ಟಿಗೆಯ ದಿಮ್ಮಿ ಕೊಡುತ್ತಿದ್ದರು. ಐದು ಟನ್ನಿನ ಪುಲ್ಲಿ ಇರುವಾಗ ದಿಮ್ಮಿ ಯಾಕೆಂದು ಅನಿಲಕುಮಾರ ಅವನ್ನು ಹಬ್ಬದ ಅಡುಗೆಯ ಒಲೆಗೆ ಹಾಕಿಸಿದ್ದ.

ದುರುಗೇಶ ಗೋಣಿಚೀಲ ಹಾಸಿದ. ಪಕೀರಮ್ಮ ಹೊರಗೆ ಹೋಗಿರಲಿಲ್ಲ. ಅವನ ಹತ್ತಿರ ಬಂದು ಕೂತಳು.

"ಹೋಗಬ್ಯಾಡ. ಆ ಗೆರಿ ನೋಡು."

"ನೋಡೀನಿ."

"ನೋಡಿ ಹೋಕ್ಕೀಯೇನು?"

"ನಾ ಹೋಗದಿದ್ರ ನಮ್ ಕೇರ್ಯಾನ ಇನ್ನೊಬ್ಬ ಹೋಕ್ಕಾನ. ಎರಡ ಬೋಲ್ಟ ಐತಿ. ಬಿಚ್ಚಿ ಬರ್ತೀನಿ. ಹೊಟ್ಟಿ ಮ್ಯಾಲ ಕಾಲ ಕೊಡಬ್ಯಾಡ, ಸುಮ್ನಿರು."

ಅವನಿಗೂ ಹೆದರಿಕೆಯಿತ್ತು. ಆದರೂ ಮೈ ಕೆಳಗೆ ಜಾರಿತು. ವರ್ಷಗಟ್ಟಲೆ ಒಂದೇ ಕೂಗಿಗೆ ಜಾರಿದ ಮೈ ಅದು. ತಲೆ ಹೋಯಿತು. ಎದೆ ಹೋಯಿತು. ಸೊಂಟದಿಂದ ಕೆಳಗಷ್ಟೇ ಹೊರಗುಳಿಯಿತು.

ಪಕೀರಮ್ಮ ಮೇಲೆ ನೋಡಿದಳು. ಭಾರ ಬಿದ್ದ ಹುಕ್ಕು ಬಾಯಿ ಬಿಡುತ್ತಿತ್ತು. ದಪ್ಪ ವಿಭೂತಿಯನ್ನು ಸೀಳಿಕೊಂಡು ನಾಲ್ಕನೆಯ ಗೆರೆ ಮತ್ತೆ ಬಂದಿತ್ತು. ಈಗ ಅದು ಕೂದಲೆಳೆಯಷ್ಟಲ್ಲ, ದಾರದಷ್ಟು. ತುದಿಯಲ್ಲಿ ಕಪ್ಪು ಎಣ್ಣೆಯ ಒಂದು ಹನಿ.

ಆಕೆ ಗಂಡನ ಎರಡೂ ಕಾಲು ಹಿಡಿದು ಎಳೆದಳು.

"ಬಿಡಬೇ!" ಅನಿಲಕುಮಾರ ತುರುಬಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಕತ್ತು ಮುರಿಯುವಂತಾಯಿತು. ಆಕೆ ಬಿಡಲಿಲ್ಲ. ಅವನು ಬೆನ್ನಿಗೆ ಒದ್ದ. ಪಕ್ಕೆಗೆ ಒದ್ದ. ಆಕೆ ತಿರುಗಿ ಅವನ ಮುಂಗೈಯನ್ನು ಕಚ್ಚಿದಳು. ಹಲ್ಲು ಎಲುಬಿಗೆ ತಾಗುವವರೆಗೆ ಕಚ್ಚಿದಳು. ಅವನ ರಕ್ತ ಬಾಯಿಗೆ ಬಂತು. ಮುಟ್ಟಿಸಿಕೊಳ್ಳದವನ ರಕ್ತವೂ ಉಪ್ಪಾಗಿಯೇ ಇತ್ತು. ಅವನು ಚೀರಿ ಕೈ ಬಿಟ್ಟ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಪಕೀರಮ್ಮ ಗಂಡನ ಹೆಸರು ಹಿಡಿದವಳಲ್ಲ. ಅವತ್ತು ಕೂಗಿದಳು.

"ದುರುಗೇಶಾ! ಹೊರಗ ಬಾರೋ!"

ಆ ಹೆಸರು ಕೇಳಿ ಅವನ ಮೈ ಬೆಚ್ಚಿತು. ನೆಲಕ್ಕೆ ಕೈಯೂರಿ ತಳ್ಳಿಕೊಂಡ. ಆಕೆ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಸೊಂಟ ಬಂತು. ಎದೆ ಬಂತು. ತಲೆ ಹೊರಗೆ ಬರುವುದಕ್ಕೂ ಮೇಲೆ ಸಿಡಿಲು ಬಡಿದಂತೆ ಸದ್ದಾಗುವುದಕ್ಕೂ ಸರಿಹೋಯಿತು.

ಹುಕ್ಕು ಹರಿದಿತ್ತು. ಚೈನು ಹಾವಿನಂತೆ ಹಾರಿ ತಗಡಿನ ಮಾಡಿಗೆ ಬಡಿಯಿತು. ಮಶಿನ್ನಿನ ಮೂತಿ ನೆಲಕ್ಕಪ್ಪಳಿಸಿ ಕಾಂಕ್ರೀಟು ಒಡೆಯಿತು. ಸಿಡಿದ ಕಾಂಕ್ರೀಟಿನ ಚೂರು ದುರುಗೇಶನ ಹಣೆ ಸೀಳಿತು. ಮುಖ ರಕ್ತದಲ್ಲಿ ಮುಚ್ಚಿಹೋಯಿತು. ಧೂಳು ಇಳಿದ ಮೇಲೆ ಎಲ್ಲರೂ ಗೋಣಿಚೀಲ ನೋಡಿದರು. ಅವನ ಎದೆಯಿದ್ದ ಜಾಗದಲ್ಲಿ ಚೀಲ ಕಬ್ಬಿಣದ ಅಡಿಗೆ ಸಿಕ್ಕು ಚಪ್ಪಟೆಯಾಗಿ, ಒಂದು ಅಂಚಷ್ಟೇ ಹೊರಗೆ ಉಳಿದಿತ್ತು.

ಆಮೇಲೆ ಸಾವ್ಕಾರನ ಬಾಯಿಂದ ಬಂದ ಮೊದಲ ಮಾತು: "ಜಗ್ಗಾಡಿ ಹರದಾಳಲೇ ಇಕಿ!"

ಒಬ್ಬ ಮನುಷ್ಯ ಉಳಿದ ಎನ್ನುವ ಮಾತು ಅವನಿಗೆ ಬರಲಿಲ್ಲ.

ಹರಿದ ಹುಕ್ಕಿನ ಒಂದು ತುಂಡು ಪಕೀರಮ್ಮನ ಕಾಲ ಬಳಿ ಬಿದ್ದಿತ್ತು. ಆಕೆ ಎತ್ತಿಕೊಂಡಳು. ಅನಿಲಕುಮಾರನಿಗೆ ಅದರ ಬೆಲೆ ತಕ್ಷಣ ತಿಳಿಯಿತು.

"ಕೊಡಿಲ್ಲಿ ಅದನ್ನ."

"ಕೊಡಂಗಿಲ್ಲ."

ಅವನು ಜಾಕಿನ ಹಿಡಿಕೆಯ ಪೈಪು ಎತ್ತಿ ಆಕೆಯ ಮುಷ್ಟಿಯ ಮೇಲೆ ಬೀಸಿದ. ಎರಡು ಬೆರಳು ಮುರಿದವು. ಮುರಿದ ಸದ್ದು ಎದುರಿನ ಚಹದ ಅಂಗಡಿ ನಡೆಸುವ, ಸದ್ದಿಗೆ ಓಡಿಬಂದ ಮಾಸುಂಬಿಗೂ ಕೇಳಿಸಿತು. ಪಕೀರಮ್ಮ ತುಂಡನ್ನು ಎಡಗೈಗೆ ದಾಟಿಸಿದಳು. ಎರಡನೆಯ ಏಟಿಗೆ ಪೈಪು ಮೇಲೆದ್ದಿತು. ಕೆಳಗೆ ಬರಲಿಲ್ಲ.

ದುರುಗೇಶ ಅದನ್ನು ಹಿಡಿದಿದ್ದ. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು. ಪೈಪು ಕಸಿದು ಅನಿಲಕುಮಾರನ ಎದೆಗೊಮ್ಮೆ ಗುದ್ದಿದ. ಅವನು ಕುಂಬಳಕಾಯಿಯ ಹೋಳಿನ ಮೇಲೆ ಜಾರಿ ಅಂಗಾತ ಬಿದ್ದ. ಬಿಳಿ ಅಂಗಿಯ ಬೆನ್ನು ಕುಂಕುಮದ ನೀರಿನಲ್ಲಿ ತೋಯ್ದುಹೋಯಿತು.

"ಇನ್ನೊಂದ ಸಲ ಕೈ ಎತ್ತಿದ್ರ," ಎಂದ ದುರುಗೇಶ, "ನಿನ್ನ ತಲಿ ಒಡದ ಠಾಣಾಕ್ಕ ನಾನ ನಡಕೊಂತ ಹೋಕ್ಕೀನಿ."

ಅವನ ಬಾಯಿಂದ "ರೀ" ಇಲ್ಲದ ಮಾತನ್ನು ಆ ಗ್ಯಾರೇಜು ಮೊದಲ ಸಲ ಕೇಳಿತು.

ಅಷ್ಟರಲ್ಲಿ ರಸ್ತೆಯ ಜನ ಶಟರಿನ ಬಾಯಿಗೆ ತುಂಬಿದ್ದರು. ಮಾಸುಂಬಿ ತನ್ನ ಸೆರಗು ಹರಿದು ದುರುಗೇಶನ ಹಣೆಗೆ ಬಿಗಿದಳು. ಹೊರಗೆ ಕಾಯುತ್ತಿದ್ದ ಮುಕ್ಕುಂದದ ರೈತ ಒಳಗೆ ಬಂದು, ತನ್ನ ಮಶಿನ್ನಿನ ಮುರಿದ ಮೂತಿ ನೋಡಿ ಕೆಂಡವಾಗಿದ್ದ.

ಹೊನ್ನೂರಪ್ಪ ಈ ಸಲ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಬಂದ. ಪಕೀರಮ್ಮನ ಎಡಗೈಯಲ್ಲಿದ್ದ ತುಂಡನ್ನು ಬೆಳಕಿಗೆ ಹಿಡಿದು ರೈತನಿಗೆ ತೋರಿಸಿದ. ಹರಿದ ಮುಖದ ಮುಕ್ಕಾಲು ಪಾಲು ತುಕ್ಕು ಹಿಡಿದು ಕಪ್ಪಾಗಿತ್ತು. ಕಾಲು ಪಾಲು ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಹೊಳಿಯೋದು ಈಗ ಹರದದ್ದು. ಕರ್ರಗಿರೋದು ಎಂದೋ ಹರದದ್ದು. ನಿಮ್ ಮಶಿನ್ನ ಇಷ್ಟ ಕಬ್ಬಿಣದ ಮ್ಯಾಲ ನಿಂತಿತ್ರೀ ಗೌಡ್ರ." ಕಿರುಬೆರಳಿನ ಉಗುರು ತೋರಿಸಿದ.

"ಮುದುಕಗ ಕಣ್ಣ ಕಾಣಂಗಿಲ್ರೀ" ಎಂದು ಸಾವ್ಕಾರ ನಡುವೆ ನುಗ್ಗಿದ. "ಏನೋ ಒಂದು ಹುಕ್ಕು ಖೋಟಾ ಬಂದಿರಬೇಕು. ಉಳಿದ ನನ್ನ ಸಾಮಾನ ಎಲ್ಲಾ ಖರೇ ಅದಾವ. ದೇವರಾಣಿ."

ಪಕೀರಮ್ಮ ಗೋಡೆಯ ಕಡೆ ನಡೆದಳು. ಅಲ್ಲಿ ಪೂಜೆಗೆ ಸಾಲಾಗಿಟ್ಟ ಜಾಕುಗಳಿದ್ದವು. ಎಲ್ಲಕ್ಕೂ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಚೆಂಡುಹೂ. ಕಡೆಯಿಂದ ಎರಡನೆಯದು, ಬಣ್ಣ ಅಲ್ಲಲ್ಲಿ ಕಿತ್ತುಹೋದ ಕೆಂಪು ಜಾಕು. ಆಕೆ ಅದರ ಮುಂದೆ ಕೂತಳು. ತೊಟ್ಟಿಯ ಮುಂದೆ ಕೂರುವಂತೆಯೇ, ಕುಕ್ಕರಗಾಲಲ್ಲಿ. ಚೆಂಡುಹೂ ತೆಗೆದು ಪಕ್ಕಕ್ಕಿಟ್ಟಳು.

ಜಾಕಿನ ಬುಡದಲ್ಲಿ, ಮೂರು ಬಿಳಿ ಗೆರೆಗಳ ನಡುವೆ, ನಾಲ್ಕನೆಯದಿತ್ತು. ಕಪ್ಪಗೆ. ಎರಡು ಕಡೆ ಕವಲೊಡೆದು.

ಆಕೆಯ ಗಂಟಲಿನಿಂದ ಒಂದು ಸದ್ದು ಬಂತು. ಅಳುವಿನದಲ್ಲ. "ತಮ್ಮಾ," ಎಂದಳು. "ಎರಡ ವರ್ಷ ತಡ ಮಾಡಿದ್ನೋ ತಮ್ಮಾ."

ಹೊನ್ನೂರಪ್ಪ ಬಗ್ಗಿ ನೋಡಿದ. "ಅಂಬಪ್ಪನ ಮ್ಯಾಲ ಬಿದ್ದ ಜಾಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಬಣ್ಣ ಹಚ್ಚಿ ಇನ್ನೂ ನಡಸಾಕತ್ತಾರ."

"ಅಂವ ಕುಡದಿದ್ದ!" ಅನಿಲಕುಮಾರ ಎದ್ದು ನಿಂತು ಕೂಗಿದ. "ಜಾಕಿಗೆ ಏನೂ ಆಗಿಲ್ಲ. ಕುಡದ ಸತ್ತ ಅಂವ!"

ಪಕೀರಮ್ಮ ಎದ್ದಳು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಜಾಕಿಗೆ ಏನೂ ಆಗಿಲ್ಲ?"

"ಆಗಿಲ್ಲ!"

"ಆತು. ಹೊನ್ನೂರಪ್ಪಣ್ಣಾ, ಈ ಜಾಕು ತಗೊಂಡು ಸಾವ್ಕಾರ್ರ ಕಾರ ಎತ್ತು."

ಸಾವ್ಕಾರನ ಬಿಳಿ ಕಾರು ಶಟರಿನ ಬಾಯಲ್ಲೇ ನಿಂತಿತ್ತು, ಮೂತಿಗೆ ಹಾರ ಹಾಕಿಸಿಕೊಂಡು. ಸಾವ್ಕಾರ ಅಡ್ಡ ಬಂದ. ಮುಕ್ಕುಂದದ ರೈತ ಅವನ ರಟ್ಟೆ ಹಿಡಿದ. "ನಿಲ್ರಿ. ಸಾಮಾನ ಎಲ್ಲಾ ಖರೇ ಅದಾವ ಅಂತ ದೇವರಾಣಿ ಮಾಡಿದ್ರಿ. ನಾನೂ ನೋಡ್ತೀನಿ."

ಮುದುಕ ಪಂಪು ಒತ್ತಿದ. ಕಾರಿನ ಮೂತಿ ಎದ್ದಿತು. ಮಶಿನ್ನಿನ ಅಡಿ ಸಿಕ್ಕ ಗೋಣಿಚೀಲವನ್ನು ಪಕೀರಮ್ಮ ಎಡಗೈಯಿಂದ ಜಗ್ಗಿದಳು. ಅರ್ಧ ಹರಿದು ಬಂತು. ಆ ಅರ್ಧವನ್ನೇ ಕಾರಿನ ಕೆಳಗೆ ಹಾಸಿದಳು.

ರೂಢಿ ದೊಡ್ಡದು. ಸಾವ್ಕಾರನ ಬಾಯಿ ತನ್ನಷ್ಟಕ್ಕೆ ತಾನೇ ಕೂಗಿತು. "ಏ ಯಾರಲೇ ಅಲ್ಲಿ! ಕೆಳಗಿನವರ್ನ ಕರೀರಿ!"

ಕೇರಿಯ ನಾಲ್ವರು ಅಲ್ಲೇ ನಿಂತಿದ್ದರು. ಒಬ್ಬ ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಬಿಟ್ಟ. ಇನ್ನೊಬ್ಬ ಬಿಟ್ಟ. ಆಮೇಲೆ ಉಳಿದಿಬ್ಬರು. ಯಾರೂ ಕದಲಲಿಲ್ಲ.

"ಕೆಳಗಿನವರು ಯಾರೂ ಇಲ್ರೀ ಇವತ್ತು," ಎಂದಳು ಪಕೀರಮ್ಮ. ಅನಿಲಕುಮಾರನ ಕಡೆ ತಿರುಗಿದಳು. "ನೀವ ಹೋಗ್ರಿ. ಎರಡ ನಿಮಿಷ ಮಲಗ್ರಿ. ಎದ್ದು ಬಂದ್ರ ನಮ್ ತಮ್ಮ ಕುಡದಿದ್ದ ಅಂತ ನಾನೂ ಒಪ್ಪತೀನಿ. ಈ ತುಂಡು ನಿಮ್ ಕಾಲಾಗ ಇಟ್ಟು ಹೋಕ್ಕೀನಿ."

ಜನ ನೋಡುತ್ತಿದ್ದರು. ಶೇಖರಮ್ಮ "ಬ್ಯಾಡೋ ಮಗನ" ಎಂದು ಚೀರಿದಳು. ಆ ಚೀರು ಎಷ್ಟು ಸಹಜವಾಗಿತ್ತು! ಅಂಬಪ್ಪನಿಗೂ ಒಬ್ಬ ತಾಯಿಯಿದ್ದಳು. ಮಸ್ಕಿಯ ಕೇರಿಯಲ್ಲಿದ್ದ ಅವಳಿಗೆ ಹೀಗೆ ಚೀರಿ ತಡೆಯಲೆಂದು ಯಾರೂ ಮೊದಲೇ ತಿಳಿಸಿರಲಿಲ್ಲ.

ಅನಿಲಕುಮಾರ ಕಾರಿನ ಹತ್ತಿರ ಬಂದ. ಬಗ್ಗಿದ. ಒಂದು ಮೊಣಕಾಲು ಗೋಣಿಚೀಲಕ್ಕೆ ಊರಿದ. ಜಾಕಿನ ಬುಡದ ಕಪ್ಪು ಗೆರೆ ಈಗ ಅವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅಲ್ಲಿಂದ ಎಣ್ಣೆಯ ಒಂದು ಹನಿ ಜಿನುಗಿ, ವಿಭೂತಿಯ ಮೇಲೆ ಇಳಿದು, ನೆಲಕ್ಕೆ ಬಿತ್ತು.

ಅವನು ದಡಕ್ಕನೆ ಎದ್ದು ಮೂರು ಹೆಜ್ಜೆ ಹಿಂದೆ ಸರಿದ.

ಪಕೀರಮ್ಮ ಅವನ ಮುಖವನ್ನೇ ನೋಡಿದಳು.

"ಯಾಕ್ರೀ ಸಣ್ಣಸಾವ್ಕಾರ್ರ," ಎಂದಳು. "ನೀವು ಕುಡದಿಲ್ಲಲ್ಲ?"

ಹಾರ ಹಾಕಿಸಿಕೊಂಡ ಕಾರು ಕೆಂಪು ಜಾಕಿನ ಮೇಲೆ ಮೂತಿ ಎತ್ತಿಕೊಂಡು ನಿಂತಿತ್ತು. ಕೆಳಗೆ ಯಾರೂ ಇರಲಿಲ್ಲ.